ಹತ್ತರಿಂದ ಒಂದರವರೆಗೆ

ಗಂಟೆ ಹತ್ತೂಕಾಲಾದರೂ ಎದುರಿನ ಕುರ್ಚಿ ಖಾಲಿಯೇ ಇತ್ತು. ಅದರ ಕಡೆ ನೋಡಬಾರದು ಅಂದುಕೊಂಡು ಅವನು ಲ್ಯಾಪ್‌ಟಾಪಿನ ಪರದೆಯ ಮೇಲಿನ ಒಂದೇ ಸಾಲನ್ನು ಏಳನೆಯ ಸಲ ಓದಿದ. ಯಂತ್ರ ಸದ್ದು ಮಾಡುತ್ತದೆ, ಆದರೆ ತಿರುಗುವುದಿಲ್ಲ. ಬಟ್ಟೆ ಒಗೆಯುವ ಯಂತ್ರದ ಕೈಪಿಡಿಯ ಕೊನೆಯ ಅಧ್ಯಾಯ ಅದು, 'ತೊಂದರೆ ಮತ್ತು ಪರಿಹಾರ'. ಎಡಗಡೆ ತೊಂದರೆಗಳನ್ನು ಬರೆದಾಗಿತ್ತು, ಬಲಗಡೆ ಪರಿಹಾರ ಬರೆಯಬೇಕಿತ್ತು, ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕಿತ್ತು. ಹತ್ತೊಂಬತ್ತು ವರ್ಷದಿಂದ ಅವನು ಮಾಡಿಕೊಂಡು ಬಂದದ್ದು ಇದನ್ನೇ. ಮಿಕ್ಸರು, ಇಸ್ತ್ರಿಪೆಟ್ಟಿಗೆ, ಗೀಜರು ಕೊಂಡವರು ಡಬ್ಬ ಬಿಚ್ಚಿದ ಕೂಡಲೇ ಯಾವುದನ್ನು ಪಕ್ಕಕ್ಕೆ ಎಸೆಯುತ್ತಾರೋ ಆ ಪುಸ್ತಕವನ್ನು ಬರೆಯುವುದು. ಯಾರೂ ಓದುವುದಿಲ್ಲ ಎಂದು ಗೊತ್ತಿದ್ದೂ ಒಂದು ಅಲ್ಪವಿರಾಮಕ್ಕೆ ಅರ್ಧ ಗಂಟೆ ತಲೆ ಕೆಡಿಸಿಕೊಳ್ಳುವ ಜಾತಿ ಅವನದು. ಕುರ್ಚಿಯ ಮುಂದಿನ ಪುಟ್ಟ ಮೇಜಿನ ಮೇಲೆ ಹಿತ್ತಾಳೆಯ ಕೈಗಂಟೆ ಇತ್ತು. ನಿನ್ನೆ ಅತ್ತೆ ಅದನ್ನು ಮರೆತು ಹೋಗಿದ್ದಾರೆ ಎಂದು ಅವನು ರಾತ್ರಿಯಿಡೀ ನಂಬಿಕೊಂಡಿದ್ದ. ಹತ್ತಕ್ಕೆ ಐದು ನಿಮಿಷವಿದ್ದಾಗ ಅವರ ಫೋನು ಬಂದಿತ್ತು.

"ಮಂಡಿ ನೋವು. ಇವತ್ತು ಆಗಲ್ಲ. ನೀವು ಕೆಲಸ ನೋಡ್ಕೊಳ್ಳಿ" ಅಂದರು. ಅಷ್ಟೇ. ಅವನು "ಹುಷಾರು ಅತ್ತೆ" ಎನ್ನುವಷ್ಟರಲ್ಲಿ ಫೋನು ಇಟ್ಟಾಗಿತ್ತು.

ಅತ್ತೆ ಎಂದರೆ ಹೆಂಡತಿಯ ತಾಯಿ. ಮೂವತ್ತೊಂದು ವರ್ಷ ಶಾಲೆಯಲ್ಲಿ ಭೂಗೋಳ ಕಲಿಸಿದವರು. ಆದರೆ ಅವರ ನಿಜವಾದ ಕೀರ್ತಿ ಪರೀಕ್ಷೆ ಡ್ಯೂಟಿಯದು. ಅವರಿದ್ದ ಕೊಠಡಿಯಲ್ಲಿ ಒಂದು ಚೀಟಿ ಕೈ ಬದಲಾಯಿಸಿದ ಇತಿಹಾಸವಿಲ್ಲವಂತೆ. ಮೂರು ವರ್ಷದ ಹಿಂದೆ, ಮನೆಯಿಂದಲೇ ಕೆಲಸ ಮಾಡುವ ಅವನಿಗೆ ಕೆಲಸ ತಡವಾಗುತ್ತಿದೆಯೆಂದು ಕಚೇರಿಯಿಂದ ಎರಡನೆಯ ಎಚ್ಚರಿಕೆಯ ಪತ್ರ ಬಂದಿದ್ದ ವಾರ, ಅತ್ತೆ ಒಂದು ಬೆಳಿಗ್ಗೆ ಪಾತ್ರೆ ವಾಪಸು ಕೊಡಲು ಬಂದರು. ಹೆಂಡತಿ ಕನ್ನಡಕದ ಅಂಗಡಿಯ ಕೆಲಸಕ್ಕೆ ಹೊರಟುಹೋಗಿದ್ದಳು. "ಬಿಸಿಲು ಇಳಿಯಲಿ, ಆಮೇಲೆ ಹೋಗ್ತೀನಿ, ನಿಮ್ಮ ಪಾಡಿಗೆ ನೀವು ಮಾಡ್ಕೊಳ್ಳಿ" ಎಂದು ಗೋಡೆಯ ಪಕ್ಕದ ಕುರ್ಚಿಯಲ್ಲಿ ಕೂತರು. ಓದಲಿಲ್ಲ, ಹೆಣೆಯಲಿಲ್ಲ, ಫೋನು ಒತ್ತಲಿಲ್ಲ. ಸುಮ್ಮನೆ ಕೂತರು. ಕೂರುವುದರಲ್ಲೂ ಇಷ್ಟು ಬಿಗಿ ಇರಬಹುದೆಂದು ಅವನಿಗೆ ಗೊತ್ತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅವನು ಹನ್ನೊಂದು ಪುಟ ಬರೆದಿದ್ದ, ಅದೂ ಎರಡು ವಾರದಿಂದ ಮೊದಲ ಪುಟ ದಾಟದೆ ಒದ್ದಾಡುತ್ತಿದ್ದವನು. ಮಾರನೆಯ ದಿನ ನಲ್ಲಿ ರಿಪೇರಿಯವನು ಬರುತ್ತಾನೆ, ಮನೆಯಲ್ಲಿ ಇನ್ನೊಬ್ಬರಿದ್ದರೆ ಒಳ್ಳೆಯದು ಎಂದು ಸುಳ್ಳು ಹೇಳಿ ಕರೆಸಿಕೊಂಡ. ಅದರ ಮಾರನೆಯ ದಿನ ಕೊರಿಯರ್ ಬರುವುದಿತ್ತು. ನಾಲ್ಕನೆಯ ದಿನ ನೆಪ ಹುಡುಕುತ್ತಿದ್ದಾಗ ಅತ್ತೆಯೇ ಚೀಲದಿಂದ ಗಂಟೆ ತೆಗೆದು ಮೇಜಿನ ಮೇಲಿಟ್ಟರು. ನಿವೃತ್ತಿಯ ದಿನ ಶಾಲೆಯವರು ಕೊಟ್ಟದ್ದು. "ಹತ್ತರಿಂದ ಒಂದರವರೆಗೆ. ಮಧ್ಯೆ ಎದ್ದು ಹೋಗೋದಾದ್ರೆ ನನ್ನ ಕೇಳಿ ಹೋಗ್ಬೇಕು" ಅಂದರು. ಅವನಿಗಾಗ ನಲವತ್ನಾಲ್ಕು ವಯಸ್ಸು.

ಗಂಟೆ ಬಾರಿಸಿದ ಮೇಲೆ ಅವರು ಬೇರೆಯೇ ಆಗುತ್ತಿದ್ದರು. ಹತ್ತಕ್ಕೆ ಮುಂಚೆ ಅಳಿಯನಿಗೆ ಸಲ್ಲಬೇಕಾದ ಮರ್ಯಾದೆ, ಚಹಾ ಬೇಕಾ, ನಿದ್ದೆ ಬಂತಾ ಎಂಬ ವಿಚಾರಣೆ. ಹತ್ತಾಯಿತೋ, ಅವನು ಐವತ್ತು ಮಕ್ಕಳಲ್ಲಿ ಒಬ್ಬ. "ಅತ್ತಿತ್ತ ನೋಡ್ಬೇಡ." "ಪೆನ್ನು ಕಚ್ಬೇಡ." "ಇನ್ನು ಅರ್ಧ ಗಂಟೆ ಇದೆ, ಬರೆದಿದ್ದನ್ನ ಒಂದ್ಸಲ ನೋಡ್ಕೋ." ಒಮ್ಮೊಮ್ಮೆ ಎದ್ದು ಅವನ ಬೆನ್ನ ಹಿಂದೆ ನಿಧಾನವಾಗಿ ನಡೆದು ಹೋಗುತ್ತಿದ್ದರು. ಏನೂ ಓದುತ್ತಿರಲಿಲ್ಲ, ಆದರೆ ಓದಿದರು ಅನ್ನಿಸುತ್ತಿತ್ತು. ಆ ಹೆಜ್ಜೆಯ ಸದ್ದಿಗೆ ಅವನೊಳಗಿನ ಎಷ್ಟೋ ಗದ್ದಲ, ಕಚೇರಿಯ ಕಿರಿಕಿರಿ, ತಾನು ಯಾವುದಕ್ಕೂ ಬಾರದವನು ಎಂಬ ಹಳೆಯ ಗುಮಾನಿ, ಎಲ್ಲ ಬಾಲ ಮುದುರಿಕೊಂಡು ಕೂರುತ್ತಿದ್ದವು. ಮೂರು ವರ್ಷದಲ್ಲಿ ಅವನು ನಲವತ್ತು ಕೈಪಿಡಿ ಮುಗಿಸಿದ. ಒಂದೂ ತಡವಾಗಲಿಲ್ಲ. ಕಚೇರಿಯಲ್ಲಿ ಅವನಿಗೆ 'ಗಡಿಯಾರ' ಎಂದು ಹೆಸರು ಬಿತ್ತು. ಗಡಿಯಾರಕ್ಕೆ ಕೀಲಿ ಕೊಡುವವರು ಯಾರೆಂದು ಅವನು ಒಬ್ಬರಿಗೂ ಹೇಳಲಿಲ್ಲ. ಹೇಳುವುದಾದರೂ ಹೇಗೆ? ತಲೆಗೂದಲು ಅರ್ಧ ನೆರೆತ ಗಂಡಸು, ಬಚ್ಚಲಿಗೆ ಹೋಗಲು ಅತ್ತೆಯ ಕಡೆ ಕೈ ಎತ್ತುತ್ತಾನೆ ಎಂದೇ?

ಹನ್ನೊಂದು ಗಂಟೆಯ ಹೊತ್ತಿಗೆ ಅವನು ಫೋನನ್ನು ಅಡುಗೆಮನೆಯ ಹಿಟ್ಟಿನ ಡಬ್ಬದ ಹಿಂದೆ ಬಚ್ಚಿಟ್ಟು ಬಂದ. ಆಮೇಲೆ ಬಕೆಟ್ಟಿನಲ್ಲಿ ತಣ್ಣೀರು ತಂದು ಎರಡೂ ಕಾಲು ಅದರಲ್ಲಿಟ್ಟುಕೊಂಡು ಕೂತ. ಹಾಗೆ ಮಾಡಿದರೆ ಮನಸ್ಸು ಒಂದೆಡೆ ನಿಲ್ಲುತ್ತದೆ ಎಂದು ಎಲ್ಲೋ ಓದಿದ್ದ. ಮನಸ್ಸು ನಿಂತದ್ದು ಕಾಲಿನಲ್ಲೇ. ಲ್ಯಾಪ್‌ಟಾಪಿನಲ್ಲಿ ಇಪ್ಪತ್ತೈದು ನಿಮಿಷಕ್ಕೊಮ್ಮೆ ಕೂಗುವ ಅಲಾರಂ ಇಟ್ಟುಕೊಂಡ. ಅದು ಯಾವಾಗ ಕೂಗುತ್ತದೋ ಎಂದು ಕಾಯುವುದರಲ್ಲೇ ಇಪ್ಪತ್ತೈದು ನಿಮಿಷ ಕಳೆಯಿತು. ನಿಂತು ಬರೆದ, ನೆಲದ ಮೇಲೆ ಕೂತು ಬರೆದ. ಕೊನೆಗೆ, ಯಾರಾದರೂ ಕಂಡಿದ್ದರೆ ಏನು ಗತಿಯಾಗುತ್ತಿತ್ತೋ, ಹೆಂಡತಿಯ ಹಳೆಯ ಕೋಟನ್ನು ಆ ಕುರ್ಚಿಯ ಬೆನ್ನಿಗೆ ತೊಡಿಸಿ, ಅದರ ಮುಂದೆ ಗಂಟೆ ತಾನೇ ಬಾರಿಸಿ, ಓಡಿ ಬಂದು ತನ್ನ ಜಾಗದಲ್ಲಿ, ಕಾಲು ಮತ್ತೆ ಬಕೆಟ್ಟಿನಲ್ಲಿಟ್ಟುಕೊಂಡು, ಕೂತ. ತನಗೆ ತಾನೇ ಕಚಗುಳಿ ಇಟ್ಟುಕೊಂಡ ಹಾಗಾಯಿತು. ಕೋಟಿನ ಒಂದು ತೋಳು ಜಾರಿ ನೆಲಕ್ಕೆ ಬಿತ್ತು. ಅವನು ಅದನ್ನು ನೋಡುತ್ತ ಕೂತ, ಮತ್ತು ನೋಡಬಾರದೆಂದುಕೊಂಡಿದ್ದ ನಿನ್ನೆಯ ಹನ್ನೊಂದೂಮುಕ್ಕಾಲು ಗಂಟೆಯೂ ಅಲ್ಲೇ ಕಂಡಿತು.

ನಿನ್ನೆ ಆ ಹೊತ್ತಿಗೆ ವಿಭಾಗದ ಮುಖ್ಯಸ್ಥೆಯ ಫೋನು ಬಂದಿತ್ತು. ಅತ್ತೆಯ ಒಪ್ಪಿಗೆ ಪಡೆದೇ ಅವನು ಎದ್ದು ಕಿಟಕಿಯ ಹತ್ತಿರ ಹೋದ. ನಾಳೆ ನಾಲ್ಕು ಗಂಟೆಗೆ ವಿಭಾಗದ ಹದಿನೆಂಟು ಜನಕ್ಕೂ ವಿಡಿಯೋದಲ್ಲಿ ಒಂದು ಹದಿನೈದು ನಿಮಿಷ ಮಾತಾಡಬೇಕು, ಇಷ್ಟು ಕೆಲಸ ಹೇಗೆ ತೂಗಿಸುತ್ತೀರಿ ಅಂತ ಹೇಳಿಕೊಡಬೇಕು ಎಂದರು ಆಕೆ. ಅವನಿಗೆ ಕಿವಿಯವರೆಗೂ ಬಿಸಿಯಾಯಿತು. ಹತ್ತೊಂಬತ್ತು ವರ್ಷದಲ್ಲಿ ಯಾರೂ ಅವನನ್ನು ಏನನ್ನೂ ಹೇಳಿಕೊಡಿ ಎಂದು ಕೇಳಿರಲಿಲ್ಲ. ಅಷ್ಟರಲ್ಲಿ ಹಿಂದಿನಿಂದ ಅತ್ತೆಯ ದನಿ ಖಡಕ್ಕಾಗಿ ಬಂತು: "ಮಾತು ಸಾಕು. ಇನ್ನು ಒಂದೂಕಾಲು ಗಂಟೆ ಇರೋದು." ಮುಖ್ಯಸ್ಥೆ ನಕ್ಕು, ಯಾರದು ಎಂದು ಕೇಳಿದರು. ಅವನು ಒಂದು ಕ್ಷಣವೂ ಯೋಚಿಸಲಿಲ್ಲ. ಬಾಯಿಗೆ ತಾನೇ ಬಂದ ಮಾತದು, ಅದೇ ಅವನನ್ನು ಈಗ ಹೆಚ್ಚು ಚುಚ್ಚುತ್ತಿದ್ದದ್ದು. "ನಮ್ಮತ್ತೆ ಮೇಡಂ. ವಯಸ್ಸಾಯ್ತಲ್ಲ, ಇನ್ನೂ ಸ್ಕೂಲಲ್ಲೇ ಇದೀನಿ ಅಂದ್ಕೊಂಡ್ಬಿಡ್ತಾರೆ. ಪಾಪ, ಹೊತ್ತು ಹೋಗಲಿ ಅಂತ ದಿನಾ ಕರೆಸಿ ಕೂರಿಸ್ಕೋತೀನಿ." "ಅಯ್ಯೋ, ಇಷ್ಟು ಕೆಲಸದ ಮಧ್ಯೆ ಅವರನ್ನೂ ನೋಡ್ಕೋತೀರಾ! ನಾಳೆ ಅದನ್ನೂ ಹೇಳಿ" ಎಂದರು ಆಕೆ. ಅವನಿಗೆ ಸಂತೋಷವಾಗಿತ್ತು. ಸುಳ್ಳು ಹೇಳಿದ್ದಕ್ಕಿಂತ ಆ ಸಂತೋಷವೇ ಈಗ ಅಸಹ್ಯ ಅನ್ನಿಸಿ, ಬಕೆಟ್ಟಿನ ನೀರಿನಲ್ಲಿ ಬೆಳ್ಳಗಾಗಿದ್ದ ಕಾಲನ್ನು ಅವನು ಮೇಲೆತ್ತಿಕೊಂಡ. ನಿನ್ನೆ ಫೋನಿಟ್ಟು ತಿರುಗಿದಾಗ ಅತ್ತೆ ಗೋಡೆ ನೋಡುತ್ತ ಕೂತಿದ್ದರು. ಮತ್ತೆ ಒಂದು ಮಾತೂ ಆಡಲಿಲ್ಲ, ಬೆನ್ನ ಹಿಂದೆ ನಡೆದಾಡಲಿಲ್ಲ. ಒಂದಕ್ಕೆ ಸರಿಯಾಗಿ ಗಂಟೆ ಬಾರಿಸಿದರು. "ಬರ್ತೀನಿ" ಎನ್ನುವವರು "ಹೋಗ್ತೀನಿ" ಎಂದರು. ಗಂಟೆಯನ್ನು ಒರೆಸಿ, ಮೇಜಿನ ನಡುವೆ ಇಟ್ಟು ಹೋದರು. ಮೂರು ವರ್ಷದಲ್ಲಿ ಒಂದು ದಿನವೂ ಅದನ್ನು ಬಿಟ್ಟುಹೋದವರಲ್ಲ. ಅದು ಮರೆವಲ್ಲ, ಚಾರ್ಜು ಒಪ್ಪಿಸಿದ್ದು ಎಂದು ಅವನಿಗೆ ಈಗ ಹೊಳೆಯಿತು.

ಹಿಟ್ಟಿನ ಡಬ್ಬದ ಹಿಂದೆ ಫೋನು ಬಡಿದುಕೊಳ್ಳುತ್ತಿತ್ತು. ಹೆಂಡತಿ.

"ಅಮ್ಮನಿಗೆ ಏನಂದ್ರಿ?"

"ಏನೂ ಇಲ್ಲ. ಮಂಡಿ ನೋವಂತೆ."

"ಈಗ ಫೋನ್ ಮಾಡಿದ್ದೆ. ಕಿಟಕಿ ಪರದೆ ಎಲ್ಲಾ ಬಿಚ್ಚಿ ಒಗೆದು ಹಾಕಿದೀನಿ ಅಂದ್ಲು. ಮಂಡಿ ನೋವಿರೋರು ಸ್ಟೂಲ್ ಹತ್ತಿ ಪರದೆ ಬಿಚ್ತಾರಾ? ಕೋಪ ಬಂದಾಗ ಅವಳು ಪರದೆ ಒಗೆಯೋದು. ನಮ್ಮಪ್ಪನ ಕಾಲದಿಂದ್ಲೂ ಅಷ್ಟೇ."

ಅವನು ಹಿಟ್ಟಿನ ಡಬ್ಬದ ಮುಚ್ಚಳ ಬಿಗಿ ಮಾಡಿದ.

"ನೀವಿಬ್ಬರೂ ಸ್ಕೂಲಾಟ ಆಡ್ಕೊಂಡು ಚೆನ್ನಾಗಿದ್ರಿ. ಏನು ಎಡವಟ್ಟು ಮಾಡ್ಕೊಂಡ್ರೋ, ಹೋಗಿ ಸರಿ ಮಾಡ್ಕೊಂಡು ಬನ್ನಿ. ನನ್ನ ಮಧ್ಯಕ್ಕೆ ಎಳೀಬೇಡಿ" ಎಂದಳು. ದನಿಯಲ್ಲಿ ಸಿಟ್ಟಿಗಿಂತ ಗಾಬರಿ ಹೆಚ್ಚಾಗಿತ್ತು.

ಆದರೂ ಅವನು ಹೊರಟದ್ದು ಮೂರೂವರೆಗೆ. ನಡುವಿನ ಹೊತ್ತಿನಲ್ಲಿ ಒಂದು ಹಾಳೆಯ ಮೇಲೆ ನಾಲ್ಕು ಗಂಟೆಯ ಮಾತಿಗೆ ಐದು ಅಂಶ ಬರೆದುಕೊಂಡಿದ್ದ: ಬೆಳಿಗ್ಗೆ ಐದಕ್ಕೆ ಏಳುವುದು, ತಣ್ಣೀರು, ದಿನದ ಪಟ್ಟಿ, ಫೋನನ್ನು ದೂರ ಇಡುವುದು, ಕುಟುಂಬಕ್ಕೂ ಸಮಯ ಕೊಡುವುದು. ಐದನೆಯದನ್ನು ಬರೆದು ಹೊಡೆದು ಹಾಕಿದ. ಮತ್ತೆ ಬರೆದ. ಹಾಳೆಯನ್ನು ಅಂಗಿಯ ಜೇಬಿಗೂ ಗಂಟೆಯನ್ನು ಲ್ಯಾಪ್‌ಟಾಪಿನ ಚೀಲಕ್ಕೂ ಹಾಕಿಕೊಂಡು ಬೀದಿಗಿಳಿದರೆ, ಒಂದೊಂದು ಹೆಜ್ಜೆಗೂ ಚೀಲದೊಳಗಿಂದ ಗಂಟೆ ಠಣ್ ಎನ್ನತೊಡಗಿತು. ಬಸ್ಸಿಗೆ ಕಾಯುತ್ತಿದ್ದವರು ತಿರುಗಿ ನೋಡಿದರು. ಅವನು ಕೈ ಹಾಕಿ ಅದರ ನಾಲಗೆ ಹಿಡಿದುಕೊಂಡ. ಹಾಗೆಯೇ, ಒಂದು ಕೈ ಚೀಲದೊಳಗಿಟ್ಟುಕೊಂಡು, ಎರಡು ಬೀದಿ ನಡೆದ. ಅತ್ತೆ ಒಮ್ಮೆ ಹೇಳಿದ್ದು ನೆನಪಾಯಿತು. ಒಂದರ ಗಂಟೆ ಬಾರಿಸಿದ ಮೇಲೆ, ಚಹಾ ಕುಡಿಯುತ್ತ, ಅವನು ತಮಾಷೆಗೆ ಕೇಳಿದ್ದ: ತಡವಾಗಿ ಬಂದವರನ್ನು ಯಾವತ್ತಾದರೂ ಒಳಗೆ ಬಿಟ್ಟಿದ್ದೀರಾ? "ಅರ್ಧ ಗಂಟೆ ಮೀರಿದ್ರೆ ಬಿಡೋ ಹಾಗಿಲ್ಲ" ಎಂದಿದ್ದರು ಅವರು. ಆಮೇಲೆ ಲೋಟ ಕೆಳಗಿಟ್ಟು, ಒಬ್ಬಳು ಹುಡುಗಿ ನಲವತ್ತು ನಿಮಿಷ ತಡವಾಗಿ ಬಂದಿದ್ದಳು, ಬಸ್ಸು ಕೆಟ್ಟಿತ್ತಂತೆ, ಒಂದು ಚಪ್ಪಲಿ ಕಿತ್ತು ಕೈಯಲ್ಲಿತ್ತು, ಬಾಗಿಲಲ್ಲಿ ನಿಂತು ನನ್ನ ಮುಖವನ್ನೇ ನೋಡುತ್ತಿದ್ದಳು ಎಂದರು. "ಬಿಡಲಿಲ್ಲ. ನಿಯಮ ನಿಯಮಾನೇ." ಇಷ್ಟು ಹೇಳಿ, ಖಾಲಿಯಾಗಿದ್ದ ಲೋಟವನ್ನು ಮತ್ತೆ ಎತ್ತಿ ಕುಡಿಯಲು ಹೋಗಿದ್ದರು.

ಅತ್ತೆಯ ಮನೆ ಒಬ್ಬ ಟೈಲರನ ಅಂಗಡಿಯ ಮೇಲೆ. ಅವನು ಮೆಟ್ಟಿಲು ಹತ್ತಲು ಹೋದಾಗ ಟೈಲರ್ ಮೆಷಿನ್ ನಿಲ್ಲಿಸಿ ತಲೆ ಹೊರಗೆ ಹಾಕಿದ.

"ಸರ್, ಮೇಡಂ ಇವತ್ತು ಡ್ಯೂಟಿಗೆ ಹೋಗಲಿಲ್ವಲ್ಲ. ಹುಷಾರಿಲ್ವಾ?"

"ಡ್ಯೂಟಿಗಾ?"

"ಹತ್ತರಿಂದ ಒಂದು. ಅವರು ಇಳಿದ್ರು ಅಂದ್ರೆ ನಾನು ಟೈಮ್ ನೋಡೋದೇ ಬೇಡ, ಒಂಬತ್ತೂ ನಲವತ್ತು. ಮೊನ್ನೆ ಕೂಡ ಹೇಳಿದ್ರು, ಭಾನುವಾರ ಬಿಟ್ರೆ ರಜ ಹಾಕೋ ಹಾಗಿಲ್ಲಪ್ಪ, ನಾನು ಹೋಗ್ಲಿಲ್ಲ ಅಂದ್ರೆ ಅಲ್ಲಿ ಕೆಲಸ ನಿಂತೋಗುತ್ತೆ ಅಂತ. ಯಾವ ಆಫೀಸು ಸರ್ ಅದು?"

"ನಮ್ಮದೇ" ಎಂದು ಹೇಳಿ ಮೆಟ್ಟಿಲು ಹತ್ತಿದ. ನಾನು ಹೋಗಲಿಲ್ಲ ಅಂದರೆ ಅಲ್ಲಿ ಕೆಲಸ ನಿಂತುಹೋಗುತ್ತದೆ. ಹದಿನೆಂಟು ಮೆಟ್ಟಿಲಿನಲ್ಲಿ ಹದಿನೆಂಟು ಸಲ ಆ ಮಾತು ಕೇಳಿಸಿತು. ಇಸ್ತ್ರಿ ಮಾಡಿದ ಬಟ್ಟೆ, ಮುಳ್ಳಿನ ಮುಖ ಒಳಗೈ ಕಡೆಗೆ ಬರುವಂತೆ ಕಟ್ಟಿಕೊಂಡ ಕೈಗಡಿಯಾರ, ಚೀಲದಲ್ಲಿ ಗಂಟೆ. ಮೂರು ವರ್ಷ ಅವರು ಬಂದದ್ದು ಕೆಲಸಕ್ಕೆ. ಅದನ್ನು ಅವನು ಒಂದೇ ಫೋನಿನಲ್ಲಿ, ನಗುತ್ತ, ಹೊತ್ತು ಕಳೆಯುವುದು ಮಾಡಿಬಿಟ್ಟಿದ್ದ.

ಬಾಗಿಲು ತೆರೆದೇ ಇತ್ತು. ಪರದೆಯಿಲ್ಲದ ಕಿಟಕಿಗಳಿಂದ ಬೆಳಕು ನುಗ್ಗಿ ಕೋಣೆ ಹೊಸದಾಗಿ ಬಾಡಿಗೆಗೆ ಹಿಡಿದ ಮನೆಯಂತೆ ಬೋಳಾಗಿತ್ತು. ಅತ್ತೆ ಮೇಜಿನ ಮುಂದೆ ನಿಂತು ಒಣಗಿದ ಪರದೆಗಳನ್ನು ಮಡಿಸುತ್ತಿದ್ದರು. ಕೈಯಲ್ಲಿ ಗಡಿಯಾರವಿರಲಿಲ್ಲ. ಅದಿದ್ದ ಜಾಗದಲ್ಲಿ ಚರ್ಮ ಬಿಳಚಿಕೊಂಡಿತ್ತು.

"ಬನ್ನಿ" ಎಂದರು. "ಕೂತ್ಕೊಳ್ಳಿ. ಚಹಾ ಮಾಡ್ಲಾ?"

"ಬೇಡ ಅತ್ತೆ. ಮಂಡಿ..."

"ಮಂಡಿಗೇನು, ಚೆನ್ನಾಗೇ ಇದೆ." ಸುಳ್ಳನ್ನು ಅರ್ಧ ದಿನಕ್ಕಿಂತ ಹೆಚ್ಚು ಹೊತ್ತು ತಿರುಗುವ ಶಕ್ತಿ ಅವರಿಗಿರಲಿಲ್ಲ.

"ನಿನ್ನೆ ಫೋನಲ್ಲಿ ನಾನು ಹೇಳಿದ್ದು... ಅದು ನಿಮಗೆ ಕೇಳಿಸಬಾರದಿತ್ತು."

ಅತ್ತೆ ಪರದೆಯ ಎರಡು ತುದಿ ಸೇರಿಸುತ್ತಿದ್ದವರು ಹಾಗೇ ನಿಂತರು. "ಕೇಳಿಸದೇ ಇದ್ದಿದ್ರೆ ಸರಿ ಇರ್ತಿತ್ತಾ?"

ಅವನು ಕ್ಷಮಿಸಿ ಎನ್ನಬೇಕೆಂದುಕೊಂಡು ಬಂದಿದ್ದ. ದಾರಿಯಲ್ಲಿ ಎರಡು ಮೂರು ರೀತಿ ಜೋಡಿಸಿಯೂ ನೋಡಿದ್ದ. ಒಂದೂ ಹೊರಬರಲಿಲ್ಲ. ಅತ್ತೆ ಮಡಿಕೆ ತಪ್ಪಿದ ಪರದೆಯನ್ನು ಬಿಡಿಸಿ ಮತ್ತೆ ಮೊದಲಿನಿಂದ ಶುರು ಮಾಡಿದರು. "ನಂಗೆ ವಯಸ್ಸಾಗಿದೆ, ಅದನ್ನ ಹೇಳಿದ್ದಕ್ಕೆ ಬೇಜಾರಿಲ್ಲ. ಪಾಪ ಅಂದ್ರಲ್ಲ, ಅದು. ರಾತ್ರಿ ಯೋಚನೆ ಮಾಡಿದೆ. ನಲ್ಲಿಯವನು ಬರ್ತಾನೆ ಅಂದ್ರಿ, ಕೊರಿಯರ್ ಅಂದ್ರಿ, ಅದೆಲ್ಲ ಸುಳ್ಳು ಅಂತ ನಂಗೆ ಅವತ್ತೇ ಗೊತ್ತಿತ್ತು. ನಿಮಗೆ ನಾನು ಬೇಕಾಗಿದೆ, ಬಾಯಿಬಿಟ್ಟು ಕೇಳೋಕೆ ನಾಚಿಕೆ ಅಂದ್ಕೊಂಡಿದ್ದೆ. ನಿನ್ನೆ ತಿಳೀತು, ಮುದುಕಿಗೆ ಹೊತ್ತು ಹೋಗಲಿ ಅಂತ ನೀವು ಕರೀತಿದ್ರಿ ಅಂತ. ನಾನು ಊರಿಗೆಲ್ಲ ಡ್ಯೂಟಿ ಡ್ಯೂಟಿ ಅಂತ ಹೇಳ್ಕೊಂಡು ತಿರುಗಿದೆ."

"ಹಾಗಲ್ಲ ಅತ್ತೆ. ಖಂಡಿತ ಹಾಗಲ್ಲ."

"ಹೇಗಾದ್ರೂ ಆಗ್ಲಿ. ನಾಲ್ಕಕ್ಕೆ ಅದೇನೋ ಮಾತಾಡೋದಿದೆಯಲ್ಲ, ಹೊರಡಿ. ಹೊತ್ತಾಗುತ್ತೆ."

ನಾಲ್ಕಕ್ಕೆ ಏಳು ನಿಮಿಷವಿತ್ತು. ಮನೆಗೆ ಓಡಿದರೂ ತಲುಪುವಂತಿರಲಿಲ್ಲ. ಅವನು ಮೇಜಿನ ಒಂದು ಮೂಲೆಯಲ್ಲಿ ಲ್ಯಾಪ್‌ಟಾಪು ಇಟ್ಟು, "ಇಲ್ಲೇ ಮಾತಾಡ್ಲಾ?" ಎಂದು ಕೇಳಿದ. ಅತ್ತೆ ಪರದೆಯ ರಾಶಿಯನ್ನು ಅರ್ಧ ಅಡಿ ಸರಿಸಿದರು. ಪುಟ್ಟ ಪುಟ್ಟ ಚೌಕಗಳಲ್ಲಿ ಮುಖಗಳು ಒಂದೊಂದಾಗಿ ಮೂಡಿದವು. ಮುಖ್ಯಸ್ಥೆ ಅವನನ್ನು ಹೊಗಳಿ, ನಮ್ಮ ಗಡಿಯಾರ ಈಗ ತನ್ನ ಗುಟ್ಟು ಹೇಳುತ್ತದೆ ಎಂದರು. ಎಲ್ಲರೂ ನಕ್ಕರು. ಅವನು ಜೇಬಿನಿಂದ ಹಾಳೆ ತೆಗೆದು, ಬೆಳಿಗ್ಗೆ ಐದು ಗಂಟೆಗೆ ಏಳುವುದರ ಬಗ್ಗೆ ಎರಡು ವಾಕ್ಯ ಹೇಳಿದ. ಅವನು ಏಳುವುದು ಏಳೂವರೆಗೆ. ಲ್ಯಾಪ್‌ಟಾಪಿನ ಕೆಳಮೂಲೆಯ ಚೌಕದಲ್ಲಿ ಅವನದೇ ಮುಖ, ಅದರ ಹಿಂದೆ ಅತ್ತೆಯ ಎರಡು ಕೈ ಮಾತ್ರ. ಕೈಗಳು ಮಡಿಸುವುದನ್ನು ನಿಲ್ಲಿಸಿದ್ದವು. ಅವು ಕೇಳಿಸಿಕೊಳ್ಳುತ್ತಿದ್ದವು. ಅವನು ಮುಂದಿನ ಅಂಶಕ್ಕಾಗಿ ಹಾಳೆ ನೋಡಿದ, ತಣ್ಣೀರು ಎಂದಿತ್ತು. ಇದ್ದಕ್ಕಿದ್ದಂತೆ ಎಲ್ಲ ಸಾಕೆನಿಸಿತು.

"ಇದೆಲ್ಲ ಸುಳ್ಳು" ಎಂದ.

ಯಾರೋ ನಕ್ಕರು, ಆಮೇಲೆ ನಿಲ್ಲಿಸಿದರು. ಅವನು ಹಾಳೆಯನ್ನು ಮಗುಚಿಟ್ಟು ಹೇಳುತ್ತ ಹೋದ. ಮೂರು ವರ್ಷದ ಹಿಂದಿನ ಎರಡು ಎಚ್ಚರಿಕೆಯ ಪತ್ರ, ಪಾತ್ರೆ ಕೊಡಲು ಬಂದ ಅತ್ತೆ, ಹನ್ನೊಂದು ಪುಟ, ಹತ್ತರ ಗಂಟೆ, ಒಂದರ ಗಂಟೆ. ತಾನು ಕೈ ಎತ್ತಿ ಕೇಳಿ ಬಚ್ಚಲಿಗೆ ಹೋಗುವುದನ್ನೂ ಬಿಡಲಿಲ್ಲ. ಹೇಳುವಾಗ ಮುಖ ಕೆಂಪಾಗಿ, ದನಿ ಮಕ್ಕಳ ದನಿಯಂತೆ ಕೀರಲಾಯಿತು. ನಾಲ್ಕಾರು ಚೌಕಗಳಲ್ಲಿ ಬಾಯಿಗೆ ಕೈ ಅಡ್ಡ ಬಂದದ್ದು ಅವನಿಗೆ ಕಂಡಿತು. "ಮೇಡಂ, ನಿನ್ನೆ ನಾನು ನಿಮಗೆ ಹೇಳಿದ್ದು ಸುಳ್ಳು. ಅವರಿಗೆ ಹೊತ್ತು ಹೋಗಲಿ ಅಂತ ನಾನು ಕರೆಸ್ತಿಲ್ಲ. ಅವರು ಬರದೇ ಇದ್ರೆ ನನ್ನ ಕೈಯಲ್ಲಿ ಏನೂ ಆಗಲ್ಲ. ಅಷ್ಟು ಹೇಳೋಕೆ ನಾಚಿಕೆಯಾಗಿ ಅವರನ್ನ ಸಣ್ಣವರು ಮಾಡಿದೆ."

ಹೊಸದಾಗಿ ಸೇರಿದ್ದ ಒಬ್ಬಳು ಕೇಳಿದಳು, ಗೇಲಿಯಲ್ಲ, ನಿಜವಾಗಿಯೇ: "ಸರ್, ಅಷ್ಟು ಹೊತ್ತು ಅವರು ಏನು ಮಾಡ್ತಾರೆ?"

"ಏನೂ ಮಾಡಲ್ಲ. ಕೂತಿರ್ತಾರೆ." ಅವನು ಸ್ವಲ್ಪ ಯೋಚಿಸಿದ. "ಹಾಗೆ ಕೂರೋಕೆ ಎಲ್ಲರಿಗೂ ಬರಲ್ಲಮ್ಮ. ಬೆಳಿಗ್ಗೆ ಒಂದು ಕೋಟು ಕೂರಿಸಿ ನೋಡಿದೆ, ಆಗಲಿಲ್ಲ. ಅವರು ಕೂತಿದ್ರೆ, ನಾನು ಬರೆಯೋದು ಯಾರಿಗೋ ಬೇಕು ಅನ್ಸುತ್ತೆ."

"ಒಂದು ದಿನ ಬರದೇ ಇದ್ರೆ?"

"ಇವತ್ತು ಬಂದಿಲ್ಲ. ಬೆಳಿಗ್ಗೆಯಿಂದ ಎರಡು ಸಾಲು ಬರೆದಿದೀನಿ. ಎರಡೂ ತಪ್ಪು."

ಮುಖ್ಯಸ್ಥೆ ಧನ್ಯವಾದ ಹೇಳಿದರು, ಅದು ಬೆಚ್ಚಗೂ ಇರಲಿಲ್ಲ, ತಣ್ಣಗೂ ಇರಲಿಲ್ಲ. ನಾಳೆ ಬೆಳಿಗ್ಗೆಯ ಕೈಪಿಡಿ ಬರುತ್ತದಲ್ಲವೇ ಎಂದು ಮಾತ್ರ ಕೇಳಿದರು. ನೋಡೋಣ ಎಂದ ಅವನು. ಗಡಿಯಾರ ಎಂದು ಇನ್ನು ಯಾರೂ ಕರೆಯುವುದಿಲ್ಲ ಎಂಬುದು ಹೊಳೆದು, ಬೇಸರಕ್ಕಿಂತ ಬಿಗಿ ಬೆಲ್ಟು ಸಡಿಲಿಸಿದಂಥ ನಿರಾಳವಾಯಿತು. ಚೌಕಗಳು ಆರಿದವು. ತಿರುಗಿ ನೋಡುವ ಧೈರ್ಯವಾಗದೆ ಅವನು ಎದ್ದು, ಚೀಲದಿಂದ ಗಂಟೆ ತೆಗೆದು ಪರದೆಗಳ ಪಕ್ಕದಲ್ಲಿಟ್ಟು, ಲ್ಯಾಪ್‌ಟಾಪು ಎದೆಗವಚಿಕೊಂಡು ಬಾಗಿಲಿನವರೆಗೆ ಹೋದ. ಹೊಸಿಲಿನಲ್ಲಿ ಕಾಲು ಮುಂದೆ ಹೋಗಲಿಲ್ಲ.

"ತಪ್ಪಾಯ್ತು ಅತ್ತೆ" ಎಂದ. ಇಡೀ ದಿನ ಹುಡುಕಿದ ಮಾತು ಇಷ್ಟು ಚಿಕ್ಕದೇ ಎನ್ನಿಸಿತು.

ಅತ್ತೆ ಒಳಗೆ ಹೋದರು. ಯಾವುದೋ ಡ್ರಾಯರ್ ಎಳೆದ ಸದ್ದು, ಮುಚ್ಚಿದ ಸದ್ದು. ಹೊರಗೆ ಬಂದಾಗ ಎಡಗೈಗೆ ಗಡಿಯಾರದ ಪಟ್ಟಿ ಬಿಗಿಯುತ್ತಿದ್ದರು. ಮುಳ್ಳಿನ ಮುಖವನ್ನು ಒಳಗೈಗೆ ತಿರುಗಿಸಿ, ಕಣ್ಣು ಕಿರಿದು ಮಾಡಿ ನೋಡಿದರು.

"ಆರು ಗಂಟೆ ಇಪ್ಪತ್ತು ನಿಮಿಷ ತಡ" ಎಂದರು. "ಅರ್ಧ ಗಂಟೆ ಮೀರಿದ್ರೆ ಒಳಗೆ ಬಿಡಲ್ಲ ಅಂತ ಗೊತ್ತಲ್ವಾ?"

"ಗೊತ್ತು."

ಅವರು ಅವನ ಮುಖವನ್ನು ಒಂದಷ್ಟು ಹೊತ್ತು ನೋಡಿದರು. ಆಮೇಲೆ ಕಿಟಕಿ, ಆಮೇಲೆ ಮತ್ತೆ ಬಾಗಿಲು. ಪರದೆಗಳನ್ನೆಲ್ಲ ಎತ್ತಿ ಮಂಚದ ಮೇಲೆ ಹಾಕಿ, ಮೇಜನ್ನು ಅಂಗೈಯಿಂದ ಒರೆಸಿ, ಒಂದು ಕುರ್ಚಿಯನ್ನು ಕಿಟಕಿಗೆ ಬೆನ್ನು ಬರುವಂತೆ ಎಳೆದಿಟ್ಟರು.

"ಬಾ. ಎಕ್ಸ್‌ಟ್ರಾ ಟೈಮ್ ಮಾತ್ರ ಕೇಳ್ಬೇಡ."

ಗಂಟೆ ಬಾರಿಸಿದರು. ಪರದೆಯಿಲ್ಲದ ಕೋಣೆಯಲ್ಲಿ ಅದು ಎಂದಿಗಿಂತ ಜೋರಾಗಿ ಮೊಳಗಿತು. ಕೆಳಗೆ ಟೈಲರನ ಮೆಷಿನ್ ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು. ಅವನು ತಲೆ ತಗ್ಗಿಸಿದ. ಯಂತ್ರ ಸದ್ದು ಮಾಡುತ್ತದೆ, ಆದರೆ ತಿರುಗುವುದಿಲ್ಲ. ಬಲಗಡೆ, ಮೊದಲು ಬಾಗಿಲು ಸರಿಯಾಗಿ ಮುಚ್ಚಿದೆಯೇ ನೋಡಿ ಎಂದು ಬರೆದ. ಅದು ಸರಿಯಾಗಿತ್ತು. ಎರಡನೆಯದೂ ಬಂತು, ಮೂರನೆಯದೂ. ಹಿಂದೆ ನಿಧಾನವಾದ ಹೆಜ್ಜೆಯ ಸದ್ದು ಶುರುವಾಗಿ, ಅವನ ಬೆನ್ನಿನವರೆಗೆ ಬಂದು, ದಾಟಿ, ಬಾಗಿಲ ಹತ್ತಿರ ನಿಂತಿತು. ತುಂಬ ಹೊತ್ತು ಅಲ್ಲೇ ನಿಂತಿತ್ತು.

"ಆ ಹುಡುಗೀನೂ ಒಳಗೆ ಬಿಡಬಹುದಿತ್ತು" ಎಂದರು ಅತ್ತೆ.

ಅವನು ಬರೆಯುವುದು ನಿಲ್ಲಿಸಿದ.

"ತಲೆ ಎತ್ತಬೇಡ" ಎಂದರು. "ಬರಿ."